ದಾವಣಗೆರೆಯಲ್ಲಿ ಚಿಕ್ಕ ಮಕ್ಕಳಿಗೆ ಫುಟ್‌ಬಾಲ್: ಎಲ್ಲಿಂದ ಶುರು ಮಾಡುವುದು?

ವಿದ್ಯಾನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ ಎಂಟು ವರ್ಷ, ಮಗಳಿಗೆ ಆರು. ಇಬ್ಬರಿಗೂ ಫುಟ್‌ಬಾಲ್ ಹುಚ್ಚು ಹಿಡಿದಿದೆ. ಶಾಲೆಯಿಂದ ಬಂದವರು ಹಾಲು ಕುಡಿಯುವಷ್ಟೂ ತಡೆಯದೆ ಚೆಂಡು ಎತ್ತಿಕೊಂಡು ರಸ್ತೆಗೆ ಓಡುತ್ತಾರೆ. ಎದುರು ಮನೆಯ ಗೇಟೇ ಗೋಲು. ಅವರ ಕಾರಿನ ಕನ್ನಡಿಗೆ ಚೆಂಡು ಬಡಿದ ಮೇಲೆ ಅದಕ್ಕೂ ತಡೆ ಬಿತ್ತು.

ಊರಿನಲ್ಲಿ ಮೈದಾನಗಳಿಗೆ ಬರವಿಲ್ಲ, ಆದರೆ ಎಲ್ಲ ಕಡೆಯೂ ಕ್ರಿಕೆಟ್. ಭಾನುವಾರ ಬೆಳಿಗ್ಗೆ ಹೈಸ್ಕೂಲ್ ಮೈದಾನಕ್ಕೆ ಹೋದರೆ ಒಂದು ತಂಡದ ಬೌಂಡರಿಯೊಳಗೆ ಇನ್ನೊಂದು ತಂಡದ ಪಿಚ್ ಇರುತ್ತದೆ. ಒಂದು ತರಬೇತಿ ಕೇಂದ್ರದಲ್ಲಿ ವಿಚಾರಿಸಿದೆವು. ಮೂರು ತಿಂಗಳ ಶುಲ್ಕ, ಜೆರ್ಸಿ, ಅಡಿಯಲ್ಲಿ ಗುಬಟುಗಳಿರುವ ಸ್ಟಡ್ ಶೂ, ಬ್ಯಾಗು ಎಲ್ಲದಕ್ಕೂ ಒಟ್ಟಿಗೆ ಹಣ ಕಟ್ಟಬೇಕು ಎಂದರು. ಮಗಳನ್ನು ಸೇರಿಸಿಕೊಳ್ಳುವುದಿಲ್ಲವಂತೆ, ಹುಡುಗಿಯರು ಬರುವುದಿಲ್ಲ ಎಂಬ ಕಾರಣಕ್ಕೆ. ಅದನ್ನು ಕೇಳಿ ಅವಳು ದಾರಿಯುದ್ದಕ್ಕೂ ಮಾತನಾಡಲಿಲ್ಲ.

ಆರು-ಎಂಟು ವರ್ಷಕ್ಕೆ ಇಷ್ಟೆಲ್ಲ ಬೇಕೇ? ಮೊದಲು ಏನು ಕೊಳ್ಳಬೇಕು? ತಲೆಯಿಂದ ಹೊಡೆಯುವುದು ಅಪಾಯವೇ? ತಿಳಿದವರು ದಯವಿಟ್ಟು ಹೇಳಿ.

ದೈಹಿಕ ಶಿಕ್ಷಕ, ಜಗಳೂರು ತಾಲ್ಲೂಕು

ಮೇಡಂ, ಯಾವ ಶುಲ್ಕವನ್ನೂ ಈಗಲೇ ಕಟ್ಟಬೇಡಿ. ಮೊದಲು ಸರಿಯಾದ ಚೆಂಡು ತನ್ನಿ. ಅಂಗಡಿಯಲ್ಲಿ ಸುಮ್ಮನೆ ಫುಟ್‌ಬಾಲ್ ಕೊಡಿ ಎಂದರೆ ಐದನೇ ಅಳತೆಯದನ್ನು ಕೊಡುತ್ತಾರೆ. ಅದು ದೊಡ್ಡವರ ಪಂದ್ಯದ ಚೆಂಡು: ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಆರು ವರ್ಷದ ಮಗು ಅದನ್ನು ಒದ್ದರೆ ಚೆಂಡಿಗಿಂತ ಕಾಲಿಗೇ ಹೆಚ್ಚು ಪೆಟ್ಟು. ನಿಮ್ಮ ಇಬ್ಬರು ಮಕ್ಕಳಿಗೂ ಈಗ ಮೂರನೇ ಅಳತೆಯದು ಸಾಕು. ಮಗನಿಗೆ ಒಂಬತ್ತು ತುಂಬುವ ಹೊತ್ತಿಗೆ ನಾಲ್ಕನೆಯದು, ಹನ್ನೆರಡು ದಾಟಿದ ಮೇಲೆ ಐದನೆಯದು. ಗಾಳಿಯನ್ನು ಕಲ್ಲಿನಂತೆ ತುಂಬಿಸಬೇಡಿ. ಎರಡು ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು.

ಇನ್ನು ಕಲಿಸುವ ವಿಷಯ. ಈ ವಯಸ್ಸಿನಲ್ಲಿ ತಂತ್ರ, ಸ್ಥಾನ, ಆಫ್‌ಸೈಡ್ ಯಾವುದೂ ಬೇಡ. ಮಗುವಿನ ಕಾಲಿಗೂ ಚೆಂಡಿಗೂ ಗೆಳೆತನ ಆಗಬೇಕು, ಅಷ್ಟೇ. ಮನೆಯ ತಾರಸಿಯಲ್ಲಿ, ಕಾಂಪೌಂಡಿನೊಳಗೆ ದಿನಕ್ಕೆ ಕಾಲು ಗಂಟೆ ಸಾಕು. ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆ ಎಳೆಯುವುದು, ಎರಡು ಪಾದಗಳ ಒಳಬದಿಯ ನಡುವೆ ಅತ್ತಿತ್ತ ತಟ್ಟುವುದು, ಗೋಡೆಗೆ ಒದ್ದು ಮರಳಿ ಬಂದಾಗ ನಿಲ್ಲಿಸುವುದು. ನಿಲ್ಲಿಸುವಾಗ ಪಾದವನ್ನು ಬಿಗಿ ಹಿಡಿದರೆ ಚೆಂಡು ಚಿಮ್ಮಿ ಹೋಗುತ್ತದೆ. ತಾಗುವ ಗಳಿಗೆಯಲ್ಲಿ ಪಾದವನ್ನು ತುಸು ಹಿಂದಕ್ಕೆ ಸರಿಸಿದರೆ ಅಲ್ಲೇ ನಿಲ್ಲುತ್ತದೆ. ಇದೊಂದನ್ನು ಮಗು ತಾನಾಗಿ ಕಂಡುಕೊಂಡ ದಿನ ಅದರ ಮುಖ ನೋಡಬೇಕು! ಎಡಗಾಲನ್ನು ಮರೆಯಬೇಡಿ. ಈಗ ಎಡಗಾಲಿಗೆ ಅಭ್ಯಾಸವಾದರೆ ಸುಲಭ, ಹದಿನಾಲ್ಕಕ್ಕೆ ಶುರು ಮಾಡಿದರೆ ಬಹಳ ಕಷ್ಟ.

ಆಮೇಲೆ ನಿಮ್ಮ ಬೀದಿಯಿಂದ ಆರರಿಂದ ಎಂಟು ಮಕ್ಕಳನ್ನು ಸೇರಿಸಿ. ಮೂವರ ಎದುರು ಮೂವರು, ಇಲ್ಲವೇ ನಾಲ್ವರ ಎದುರು ನಾಲ್ವರು. ಗೋಲಿಗೆ ಎರಡು ಚಪ್ಪಲಿ ಇಟ್ಟರೂ ನಡೆಯುತ್ತದೆ. ಹನ್ನೊಂದು ಮಂದಿಯ ಆಟ ಈ ಮಕ್ಕಳಿಗೆ ಶಿಕ್ಷೆ. ದೊಡ್ಡವರ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅದರ ಕೆಳಗೆ ಎಂಟು ವರ್ಷದ ಹುಡುಗನನ್ನು ನಿಲ್ಲಿಸಿ ತಡೆ ಎನ್ನುವುದು ಯಾವ ನ್ಯಾಯ? ಉಳಿದವರೂ ಅಷ್ಟೇ: ಇಬ್ಬರು ಗಟ್ಟಿಗರ ಕಾಲಲ್ಲಿ ಚೆಂಡು ಇರುತ್ತದೆ, ಮಿಕ್ಕವರು ಸುಮ್ಮನೆ ನಿಂತಿರುತ್ತಾರೆ. ನಾಲ್ವರ ಆಟದಲ್ಲಿ ಯಾರೂ ಅಡಗಿಕೊಳ್ಳಲಾಗದು. ಪ್ರತಿ ಮಗುವಿಗೂ ಚೆಂಡು ಸಿಗುತ್ತದೆ, ತಪ್ಪುತ್ತದೆ, ಮತ್ತೆ ಸಿಗುತ್ತದೆ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ 2018ರಲ್ಲಿ ಶುರು ಮಾಡಿದ ಗೋಲ್ಡನ್ ಬೇಬಿ ಲೀಗ್ ಕೂಡ ಚಿಕ್ಕ ಮೈದಾನ, ಕಡಿಮೆ ಆಟಗಾರರ ಲೆಕ್ಕದಲ್ಲೇ ನಡೆಯುತ್ತಿತ್ತು. ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಆಡಲು ಅಲ್ಲಿ ಅವಕಾಶವಿತ್ತು. ನಿಮ್ಮ ಮಗಳಿಗೆ ಇದನ್ನು ಹೇಳಿ.

ಹರಿಹರದ ಅಪ್ಪ

ಸರ್, ನಿಮ್ಮ ಮಾತಿಗೆ ಗೌರವ ಕೊಟ್ಟೇ ಹೇಳುತ್ತೇನೆ, ಪೂರ್ತಿ ಒಪ್ಪಲಾರೆ. ಬೀದಿಯಲ್ಲಿ ಆಡಿದರೆ ಸಾಕು ಎನ್ನುವುದು ಕೇಳಲು ಚೆಂದ. ನನ್ನ ಮಗ ಬೀದಿಯಲ್ಲಿ ಆಡುವಾಗ ಬರೀ ಕಾಲ್ಬೆರಳ ತುದಿಯಿಂದ ಒದೆಯುತ್ತಿದ್ದ, ಯಾರಿಗೂ ಪಾಸ್ ಕೊಡುತ್ತಿರಲಿಲ್ಲ. ತರಬೇತಿಗೆ ಹಾಕಿದ ಮೇಲೆ ಹೊತ್ತಿಗೆ ಸರಿಯಾಗಿ ಏಳುವುದು, ತನ್ನ ಶೂ ತಾನೇ ತೊಳೆಯುವುದು, ಸೋತರೂ ಎದುರಾಳಿಗೆ ಕೈ ಕೊಡುವುದು ಎಲ್ಲವನ್ನೂ ಕಲಿತ. ತಾಯಿ ತಂದೆ ಹೇಳಿದರೆ ಕೇಳದ ಮಾತನ್ನು ಕೋಚ್ ಹೇಳಿದರೆ ಕೇಳುತ್ತಾರೆ. ಕೊಟ್ಟ ಹಣಕ್ಕೆ ನನಗಂತೂ ಬೇಸರವಿಲ್ಲ.

ದೈಹಿಕ ಶಿಕ್ಷಕ, ಜಗಳೂರು ತಾಲ್ಲೂಕು

ಒಳ್ಳೆಯ ಕೋಚ್ ಸಿಕ್ಕಿದ್ದು ನಿಮ್ಮ ಮಗನ ಪುಣ್ಯ ಸರ್. ಅಂಥವರು ಸಿಕ್ಕರೆ ಖಂಡಿತ ಸೇರಿಸಬೇಕು. ಆದರೆ ಸೇರಿಸುವ ಮೊದಲು ಒಂದು ಸಂಜೆ ಮೈದಾನದ ಬದಿಯಲ್ಲಿ ಕುಳಿತು ನೋಡಿ ಎಂದು ಎಲ್ಲ ಪೋಷಕರಿಗೂ ಹೇಳುತ್ತೇನೆ. ಇಪ್ಪತ್ತು ಮಕ್ಕಳು ಸಾಲಿನಲ್ಲಿ ನಿಂತು, ಒಂದೇ ಚೆಂಡಿಗಾಗಿ ತಮ್ಮ ಸರದಿ ಕಾಯುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ. ಅರ್ಧ ಅವಧಿ ಮೈದಾನ ಸುತ್ತು ಓಡಿಸಿಯೇ ಕಳೆದರೂ ಅಷ್ಟೇ. ತಪ್ಪು ಮಾಡಿದ ಮಗುವಿಗೆ ಬಸ್ಕಿ ಹೊಡೆಸುವ ಕಡೆಯಂತೂ ಸೇರಿಸಲೇ ಬೇಡಿ. ಕೋಚ್ ಬಳಿ ಫುಟ್‌ಬಾಲ್ ಒಕ್ಕೂಟ ತರಬೇತುದಾರರಿಗೆ ಕೊಡುವ ಡಿ ಲೈಸೆನ್ಸ್ ಆದರೂ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಡಿ ಇಂದ ಸಿ, ಬಿ, ಎ ಎಂದು ಮೇಲಕ್ಕೆ ಹೋಗುವ ಮೆಟ್ಟಿಲುಗಳಿವೆ. ಲೈಸೆನ್ಸ್ ಇದ್ದ ಮಾತ್ರಕ್ಕೆ ಒಳ್ಳೆಯವರು ಎಂದಲ್ಲ. ಆದರೂ ಕೇಳಿದಾಗ ಸಿಡುಕುವವರು ಯಾರು, ವಿವರವಾಗಿ ಹೇಳುವವರು ಯಾರು ಎಂಬುದು ಅಲ್ಲೇ ತಿಳಿಯುತ್ತದೆ.

ಕೋಟೆಯೂರಿನ ಹಳೇ ಆಟಗಾರ

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಶೂ ವಿಷಯದಲ್ಲಿ ಒಂದು ಮಾತು. ನಮ್ಮ ಎರಡೂ ಜಿಲ್ಲೆಗಳ ಮೈದಾನಗಳು ಹೆಚ್ಚಿನವು ಗರಸು ನೆಲ. ಇಲ್ಲಿ ಹಳೇ ಮಾಧ್ಯಮಿಕ ಶಾಲೆ ಮೈದಾನವನ್ನೇ ನೋಡಿ, ಸಭೆ, ವಸ್ತುಪ್ರದರ್ಶನ, ಸಮಾರಂಭ ಎಲ್ಲವೂ ಅಲ್ಲೇ. ಶಾಮಿಯಾನದ ಗೂಟ ಕಿತ್ತ ಗುಂಡಿ, ಮೊಳೆ, ಗಾಜಿನ ಚೂರು ಉಳಿದೇ ಇರುತ್ತವೆ. ಆಟಕ್ಕೆ ಮೊದಲು ದೊಡ್ಡವರು ಸಾಲಾಗಿ ನಿಂತು ಮೈದಾನವನ್ನು ಒಮ್ಮೆ ಅಡ್ಡಲಾಗಿ ನಡೆದು ಆರಿಸಬೇಕು.

ಉದ್ದ ಸ್ಟಡ್ ಇರುವ ಶೂಗಳನ್ನು ಮೆತ್ತನೆಯ ಹುಲ್ಲಿಗೆಂದು ಮಾಡಿರುತ್ತಾರೆ. ಗಟ್ಟಿ ಗರಸಿನ ಮೇಲೆ ಅವು ಕಚ್ಚುವುದಿಲ್ಲ, ಜಾರುತ್ತವೆ. ಒತ್ತಡವೆಲ್ಲ ಅಂಗಾಲಿನ ನಾಲ್ಕಾರು ಕಡೆ ಬಿದ್ದು ನೋವು ಬರುತ್ತದೆ. ಅಡಿಯಲ್ಲಿ ಚಿಕ್ಕ ಚಿಕ್ಕ ರಬ್ಬರ್ ಗುಬಟುಗಳಿರುವ ಶೂ ಸಿಗುತ್ತದೆ, ಟರ್ಫ್ ಶೂ ಎಂದು ಕೇಳಿ. ಅದೂ ಬೇಡವೆಂದರೆ ಶಾಲೆಯ ಬಿಳಿ ಕ್ಯಾನ್ವಾಸ್ ಶೂ ಸಾಕು. ಬೆಳೆಯುವ ಕಾಲು ಎಂದು ಎರಡು ಅಳತೆ ದೊಡ್ಡದು ಕೊಂಡು ಹತ್ತಿ ತುರುಕುವ ಪದ್ಧತಿ ನಮ್ಮಲ್ಲಿದೆ. ಅದನ್ನು ಬಿಡಿ, ಕಾಲು ಉಳುಕುತ್ತದೆ.

ನಾವು ಬರಿಗಾಲಲ್ಲೇ ಆಡಿ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು ಆಡಿದಾಗ ನಮ್ಮವರಲ್ಲಿ ಬಹುತೇಕರ ಕಾಲಲ್ಲಿ ಬೂಟು ಇರಲಿಲ್ಲ. 2–1ರಿಂದ ಸೋತೆವು, ನಿಜ. ಆದರೆ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಅದು. ಮಕ್ಕಳಿಗೆ ಈ ಕಥೆ ಹೇಳಿ, ಕಣ್ಣರಳಿಸಿ ಕೇಳುತ್ತಾರೆ.

ಫಿಸಿಯೋಥೆರಪಿಸ್ಟ್, ಎಂ.ಸಿ.ಸಿ. ಬಿ ಬ್ಲಾಕ್

ಅಣ್ಣಾವ್ರೇ, ಕಥೆ ಹೇಳೋಣ, ಆದರೆ ಗರಸಿನ ಮೇಲೆ ಮಕ್ಕಳನ್ನು ಬರಿಗಾಲಲ್ಲಿ ಬಿಡುವುದು ಬೇಡ. ಸ್ವಚ್ಛವಾದ ಹುಲ್ಲು, ಮನೆಯ ತಾರಸಿ ಆದರೆ ಅಡ್ಡಿಯಿಲ್ಲ. ಧನುರ್ವಾಯು ಚುಚ್ಚುಮದ್ದು ಹಾಕಿಸಿದ್ದೀರೋ ಇಲ್ಲವೋ ಎಂದು ಮಗುವಿನ ಲಸಿಕೆ ಕಾರ್ಡ್ ತೆಗೆದು ನೋಡಿ.

ತಲೆಯಿಂದ ಹೊಡೆಯುವ ಬಗ್ಗೆ ಮೇಡಂ ಕೇಳಿದ್ದರು. ನನ್ನ ಉತ್ತರ ಸ್ಪಷ್ಟ: ಈ ವಯಸ್ಸಿನಲ್ಲಿ ಬೇಡವೇ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಇದನ್ನು ನಿಲ್ಲಿಸಿತು. 2020ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಸಂಸ್ಥೆಗಳು ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ತರಬೇತಿಯಿಂದ ತೆಗೆದುಹಾಕಿದವು. ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕುತ್ತಿಗೆಯ ಸ್ನಾಯುಗಳು ಇನ್ನೂ ಎಳೆಯವು. ಚೆಂಡು ಮೇಲೆ ಬಂದರೆ ಎದೆಯಲ್ಲಿ ತಡೆಯಲಿ ಅಥವಾ ನೆಲಕ್ಕೆ ಬೀಳಲು ಬಿಡಲಿ. ಇಬ್ಬರ ತಲೆಗೆ ತಲೆ ಡಿಕ್ಕಿಯಾಗಿ ಒಬ್ಬರಿಗೆ ಮಂಕು ಕವಿದರೆ, ವಾಂತಿ ಬಂದರೆ, ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳಿದರೆ ಆಟ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ನೀರು ಕುಡಿಸಿ ಮತ್ತೆ ಆಡಿಸುವುದು ಕೂಡದು.

ಇನ್ನೊಂದು, ನನ್ನ ಬಳಿ ಮಕ್ಕಳು ಹಿಮ್ಮಡಿ ನೋವೆಂದು ಬರುವುದು ಬಹಳ. ಎಂಟರಿಂದ ಹದಿನಾಲ್ಕರ ನಡುವೆ ಹಿಮ್ಮಡಿ ಮೂಳೆ ಬೆಳೆಯುವ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಹಿಂಬದಿಯ ಸ್ನಾಯುರಜ್ಜು ಅದನ್ನು ಎಳೆದು ನೋವು ತರುತ್ತದೆ. ಮೀನಖಂಡದ ಸ್ನಾಯು ಬಿಗಿಯಾಗಿದ್ದರೆ, ಗಟ್ಟಿ ನೆಲದಲ್ಲಿ ತೆಳು ಅಡಿಯ ಶೂ ಹಾಕಿ ಓಡಿದರೆ ಹೆಚ್ಚು. ಮಗು ಬೆಳಿಗ್ಗೆ ಎದ್ದು ತುದಿಗಾಲಲ್ಲಿ ನಡೆಯುತ್ತಿದ್ದರೆ ಗಮನಿಸಿ. ಇದು ನಾಟಕವಲ್ಲ, ಸೋಮಾರಿತನವೂ ಅಲ್ಲ. ಕೆಲವು ವಾರ ಓಟ ಕಡಿಮೆ ಮಾಡಿ, ಮೀನಖಂಡ ಹಿಗ್ಗಿಸುವ ವ್ಯಾಯಾಮ ಮಾಡಿಸಿದರೆ ವಾಸಿಯಾಗುತ್ತದೆ. ಫಿಫಾ ಸಂಸ್ಥೆ ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗೆಂದೇ ‘11+ ಕಿಡ್ಸ್’ ಎಂಬ ಮೈ ಬಿಸಿ ಮಾಡುವ ಕ್ರಮ ಸಿದ್ಧಪಡಿಸಿದೆ. ಒಂಟಿಕಾಲಲ್ಲಿ ನಿಲ್ಲುವುದು, ಜಿಗಿದು ಮೆತ್ತಗೆ ಇಳಿಯುವುದು, ಬಿದ್ದಾಗ ಉರುಳುವುದು, ಎಲ್ಲ ಆಟದಂತೆಯೇ ಇವೆ.

ಮೊಣಕಾಲ ಕೆಳಗಿನ ಮೂಳೆಗೆ ಶಿನ್ ಗಾರ್ಡ್ ಕೊಳ್ಳಿ. ಪಂದ್ಯದ ನಿಯಮದಲ್ಲೇ ಅದು ಕಡ್ಡಾಯ, ದುಬಾರಿಯೂ ಅಲ್ಲ. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಏಳೂವರೆಯೊಳಗೆ ಮುಗಿಸಿ ಅಥವಾ ಸಂಜೆ ಐದೂವರೆಯ ಮೇಲೆ ಶುರು ಮಾಡಿ. ಬಾಯಾರಿಕೆ ಆದಾಗಲಲ್ಲ, ಪ್ರತಿ ಕಾಲು ಗಂಟೆಗೊಮ್ಮೆ ನೀರು. ಆಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣು, ಶೇಂಗಾ ಚಿಕ್ಕಿ. ಬಣ್ಣದ ಬಾಟಲಿಗಳ ಅಗತ್ಯವಿಲ್ಲ.

ಪಿ.ಜೆ. ಬಡಾವಣೆಯ ತಾತ

ಎಲ್ಲ ಸರಿ. ಓದಿನ ಕಥೆ ಏನು? ಈಗ ಆಟ ಆಟ ಎಂದವರು ಎಸ್ಸೆಸ್ಸೆಲ್ಸಿಗೆ ಬಂದಾಗ ಅಳುತ್ತಾರೆ.

ಕಾಲೇಜು ತಂಡದ ಗೋಲ್‌ಕೀಪರ್

ಅಜ್ಜ, ನಾನು ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಆಡುತ್ತಲೇ ಮುಗಿಸಿದೆ. ಸಂಜೆ ಆರರಿಂದ ಏಳು ಆಟ, ಏಳೂವರೆಗೆ ಪುಸ್ತಕ. ಆಡದೆ ಇದ್ದ ದಿನ ಆ ಹೊತ್ತು ಮೊಬೈಲ್‌ಗೆ ಹೋಗುತ್ತಿತ್ತೇ ಹೊರತು ಓದಿಗೆ ಹೋಗುತ್ತಿರಲಿಲ್ಲ.

ನಾನು ಬರೆಯಲು ಕುಳಿತದ್ದು ಆ ಆರು ವರ್ಷದ ಹುಡುಗಿಗಾಗಿ. ಅಕ್ಕಾ, ಅವಳನ್ನು ದಯವಿಟ್ಟು ಬಿಡಿಸಬೇಡಿ. ಆ ಕೇಂದ್ರದವರು ಹುಡುಗಿಯರು ಬರುವುದಿಲ್ಲ ಎಂದರಲ್ಲ, ಬಂದವಳನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದರೆ ಎಲ್ಲಿಂದ ಬರಬೇಕು? ಹತ್ತು ಹನ್ನೊಂದರ ತನಕ ಹುಡುಗಿಗೂ ಹುಡುಗನಿಗೂ ಓಟದಲ್ಲಾಗಲಿ ಬಲದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಣ್ಣನ ಜೊತೆಗೇ ಆಡಲಿ. ನಾನು ನನ್ನ ದೊಡ್ಡಪ್ಪನ ಮಕ್ಕಳ ಜೊತೆ ಆಡಿ ಕಲಿತವಳು. ಅವರು ನನ್ನನ್ನು ಗೋಲಿನಲ್ಲಿ ನಿಲ್ಲಿಸಿದ್ದು ನಾನು ಚಿಕ್ಕವಳು, ಹುಡುಗಿ ಎಂದು. ಅದೇ ಇಂದು ನನ್ನ ಸ್ಥಾನ. ಆದರೂ ಹೇಳುತ್ತೇನೆ, ನಿಮ್ಮ ಗುಂಪಿನಲ್ಲಿ ಗೋಲ್‌ಕೀಪರ್ ಸರದಿಯ ಮೇಲೆ ಬದಲಾಗಲಿ. ಯಾವಾಗಲೂ ಅವಳನ್ನೇ ನಿಲ್ಲಿಸಬೇಡಿ.

ನಿಜವಾದ ತೊಂದರೆ ಶುರುವಾಗುವುದು ಹನ್ನೆರಡು ಹದಿಮೂರಕ್ಕೆ. ಮೈದಾನದಲ್ಲಿ ಶೌಚಾಲಯ ಇರುವುದಿಲ್ಲ, ಇದ್ದರೆ ಬೀಗ. ಬಟ್ಟೆ ಬದಲಿಸಲು ಜಾಗವಿಲ್ಲ. ಚಡ್ಡಿ ಹಾಕಿದರೆ ನೆಂಟರ ಮಾತು. ನನ್ನ ಜೊತೆಗಿದ್ದವರಲ್ಲಿ ಹೆಚ್ಚಿನವರು ಆಗಲೇ ಬಿಟ್ಟರು, ಆಟ ಬೇಸರವಾಗಿ ಅಲ್ಲ. ಲೆಗ್ಗಿಂಗ್ಸ್ ಮೇಲೆ ಚಡ್ಡಿ ಹಾಕಿ ಆಡಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ಉಳಿದದ್ದಕ್ಕೆ ಅಮ್ಮಂದಿರು ಜೊತೆಗೆ ಬಂದು ನಿಲ್ಲಬೇಕು, ಮೈದಾನದ ಶೌಚಾಲಯದ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಬೇಕು.

2025ರ ಜುಲೈನಲ್ಲಿ ನಮ್ಮ ಮಹಿಳಾ ತಂಡ ಥಾಯ್ಲೆಂಡ್ ನೆಲದಲ್ಲೇ ಥಾಯ್ಲೆಂಡ್ ತಂಡವನ್ನು 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿತು. ಆ ಪಂದ್ಯದ ತುಣುಕುಗಳನ್ನು ಅವಳಿಗೆ ತೋರಿಸಿ ಅಕ್ಕಾ.

ಹರಿಹರದ ಅಪ್ಪ

ತಂಗಿ, ಚೆನ್ನಾಗಿ ಹೇಳಿದೆ. ಶೌಚಾಲಯದ ವಿಷಯ ನನಗೆ ಹೊಳೆದೇ ಇರಲಿಲ್ಲ. ನಮ್ಮ ಕೇಂದ್ರದಲ್ಲಿ ನಾಳೆಯೇ ಕೇಳುತ್ತೇನೆ.

ಶಿಕ್ಷಕರಿಗೆ ಒಂದು ಪ್ರಶ್ನೆ: ಆಸಕ್ತಿ ಉಳಿದು ಮುಂದಕ್ಕೆ ಹೋಗಬೇಕು ಎಂದರೆ ನಮ್ಮ ಕಡೆಯ ಮಕ್ಕಳಿಗೆ ದಾರಿ ಯಾವುದು? ಎಲ್ಲವೂ ಬೆಂಗಳೂರಿನಲ್ಲೇ ಅಲ್ಲವೇ?

ದೈಹಿಕ ಶಿಕ್ಷಕ, ಜಗಳೂರು ತಾಲ್ಲೂಕು

ಹೆಚ್ಚಿನದು ಬೆಂಗಳೂರಿನಲ್ಲೇ ಸರ್, ಸುಳ್ಳು ಹೇಳಲಾರೆ. ಕರ್ನಾಟಕ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ, 1968–69ರ ನಂತರ ಆ ಕಪ್ ನಮ್ಮ ರಾಜ್ಯಕ್ಕೆ ಬಂದದ್ದು ಅದೇ ಮೊದಲು. ನಮ್ಮ ಶಾಲೆಯಲ್ಲಿ ಆ ಸುದ್ದಿಯನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿಸಿದೆ. ಮಧ್ಯ ಕರ್ನಾಟಕದ ಮಕ್ಕಳು ಅಂಥ ತಂಡದಲ್ಲಿ ಇರಬೇಕೆಂಬುದು ನನ್ನ ಬಹುದಿನಗಳ ಆಸೆ.

ನಮ್ಮ ಕೈಯಲ್ಲಿರುವ ದಾರಿ ಶಾಲೆಯದೇ. ಶಿಕ್ಷಣ ಇಲಾಖೆಯ ಕ್ರೀಡಾಕೂಟದಲ್ಲಿ ಫುಟ್‌ಬಾಲ್ ಇದೆ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತದೆ. ಹೆಚ್ಚಿನ ಶಾಲೆಗಳು ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗೆ ಹೆಸರು ಕೊಟ್ಟು ಫುಟ್‌ಬಾಲ್ ಖಾನೆಯನ್ನು ಖಾಲಿ ಬಿಡುತ್ತವೆ. ಪೋಷಕರು ನಾಲ್ಕು ಜನ ಮುಖ್ಯ ಶಿಕ್ಷಕರ ಬಳಿ ಹೋಗಿ ಕೇಳಿದರೆ ಆ ಖಾನೆ ತುಂಬುತ್ತದೆ. ಸುಬ್ರೊತೊ ಕಪ್ ಎಂಬ ಅಂತರಶಾಲಾ ಪಂದ್ಯಾವಳಿ 1960ರಿಂದ ನಡೆಯುತ್ತಿದೆ, ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಸುಬ್ರೊತೊ ಮುಖರ್ಜಿ ಅವರ ಹೆಸರಿನದು. ಅದರಲ್ಲಿ 17 ವರ್ಷದೊಳಗಿನ ಹುಡುಗಿಯರಿಗೂ ವಿಭಾಗವಿದೆ. ಬೇಸಿಗೆಯಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಶಿಬಿರಗಳನ್ನು ಜಿಲ್ಲಾ ಕ್ರೀಡಾಂಗಣದಲ್ಲಿ ವಿಚಾರಿಸಿ. ಚಿತ್ರದುರ್ಗದವರಾದರೆ ಒನಕೆ ಓಬವ್ವ ಕ್ರೀಡಾಂಗಣದಲ್ಲಿ.

ಒಂದು ಕಾಗದವನ್ನು ಈಗಲೇ ಸರಿ ಮಾಡಿಟ್ಟುಕೊಳ್ಳಿ: ಜನನ ಪ್ರಮಾಣಪತ್ರ. ಶಾಲೆಯಲ್ಲಿ ಒಂದು ದಿನಾಂಕ, ಆಧಾರ್‌ನಲ್ಲಿ ಇನ್ನೊಂದು ಇರುವ ಮಕ್ಕಳು ನಮ್ಮಲ್ಲಿ ಬಹಳ. ಒಕ್ಕೂಟದ ವಯೋಮಿತಿ ಪಂದ್ಯಗಳಲ್ಲಿ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸನ್ನೂ ನೋಡುತ್ತಾರೆ. ವಯಸ್ಸು ಕಡಿಮೆ ತೋರಿಸಿ ಆಡಿಸುವ ಕೆಟ್ಟ ಚಾಳಿಗೆ ಯಾರೂ ಇಳಿಯಬೇಡಿ. ಎಳೆಯರ ಮೇಲೆ ದೊಡ್ಡವನನ್ನು ಬಿಟ್ಟು ಗೆದ್ದ ಕಪ್ ನನ್ನ ದೃಷ್ಟಿಯಲ್ಲಿ ಕದ್ದ ಮಾಲು.

ವಿದ್ಯಾನಗರದ ಅಮ್ಮ

ಎಲ್ಲರಿಗೂ ಕೈ ಮುಗಿಯುತ್ತೇನೆ. ಗೋಲ್‌ಕೀಪರ್ ತಂಗಿಯ ಬರಹವನ್ನು ಮಗಳಿಗೆ ಓದಿ ಹೇಳಿದೆ. ಅವಳು ಮೊದಲು ಕೇಳಿದ್ದು, ಆ ಅಕ್ಕ ಎಲ್ಲಿ ಆಡುತ್ತಾರೆ, ನೋಡಲು ಹೋಗೋಣವೇ ಎಂದು.

ನಮ್ಮ ರಸ್ತೆಯಲ್ಲಿ ಮಾತನಾಡಿದೆ. ಏಳು ಮಕ್ಕಳು ಸಿದ್ಧರಿದ್ದಾರೆ, ಅವರಲ್ಲಿ ಮೂವರು ಹುಡುಗಿಯರು. ಜಾಗ ಮಾತ್ರ ಇನ್ನೂ ಬಗೆಹರಿದಿಲ್ಲ.

ಭಾನುವಾರದ ಕ್ರಿಕೆಟಿಗ

ಮೇಡಂ, ಹೈಸ್ಕೂಲ್ ಮೈದಾನದಲ್ಲಿ ಆಡುವ ತಂಡಗಳಲ್ಲಿ ನಮ್ಮದೂ ಒಂದು. ಇಷ್ಟು ದೂರ ಓದಿ ಸುಮ್ಮನಿರಲಾಗಲಿಲ್ಲ. ಭಾನುವಾರ ನಾವು ಪಿಚ್ ಹಾಕುವುದು ಏಳೂವರೆಯ ಮೇಲೆ. ಆರರಿಂದ ಏಳೂಕಾಲರ ತನಕ ಮೈದಾನದ ಅಂಚು ಖಾಲಿಯೇ ಇರುತ್ತದೆ. ನೀವು ಬನ್ನಿ, ನಮ್ಮ ಹುಡುಗರಿಗೆ ಹೇಳಿಡುತ್ತೇನೆ. ಟೆನಿಸ್ ಚೆಂಡಿನ ತಂಡಗಳ ಪಕ್ಕ ಆಡಿದರೂ ಪರವಾಗಿಲ್ಲ. ಲೆದರ್ ಚೆಂಡಿನವರು ನೆಟ್ ಇಲ್ಲದೆ ಅಭ್ಯಾಸ ಮಾಡುತ್ತಿದ್ದರೆ ಆ ದಿನ ಮಕ್ಕಳನ್ನು ಹತ್ತಿರ ಬಿಡಲೇಬೇಡಿ, ಹೊಡೆತ ಯಾವ ಕಡೆ ಬರುತ್ತದೆಂದು ಹೇಳಲಾಗದು.

ಕೋಟೆಯೂರಿನ ಹಳೇ ಆಟಗಾರ

ಎಂಥ ಒಳ್ಳೆಯ ಮಾತು! ಒಂದು ಎಚ್ಚರಿಕೆ ಸೇರಿಸುತ್ತೇನೆ. ಯಾರಾದರೂ ಹುರುಪಿನಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಗೋಲು ಕಂಬ ಮಾಡಿಸಿ ತರಬೇಡಿ. ನೆಲಕ್ಕೆ ಹೂಳದ ಗೋಲಿನ ಅಡ್ಡಪಟ್ಟಿಗೆ ಮಕ್ಕಳು ಜೋತುಬೀಳುತ್ತಾರೆ, ಅದು ಮುಂದಕ್ಕೆ ಮಗುಚಿ ಬೀಳುತ್ತದೆ. ಹೀಗೆ ಪ್ರಾಣ ಹೋದ ಮಕ್ಕಳಿದ್ದಾರೆ. ಪ್ಲಾಸ್ಟಿಕ್ ಕೋನ್ ಇಡಿ, ಇಲ್ಲವೇ ಚಪ್ಪಲಿ.

ದೈಹಿಕ ಶಿಕ್ಷಕ, ಜಗಳೂರು ತಾಲ್ಲೂಕು

ಮೊದಲ ಭಾನುವಾರ ಸ್ಪರ್ಧೆ, ಬಹುಮಾನ ಏನೂ ಬೇಡ ಮೇಡಂ. ಹತ್ತು ನಿಮಿಷ ಚೆಂಡಿನ ಜೊತೆ ಮುಟ್ಟಾಟ: ಪ್ರತಿಯೊಬ್ಬರೂ ತಮ್ಮ ಚೆಂಡನ್ನು ಕಾಲಲ್ಲಿ ಉರುಳಿಸುತ್ತಾ ಇನ್ನೊಬ್ಬರ ಚೆಂಡನ್ನು ಗೆರೆಯಾಚೆ ತಳ್ಳಬೇಕು. ಉಳಿದ ಹೊತ್ತು ಪಂದ್ಯ. ಏಳು ಮಕ್ಕಳೆಂದರೆ ನಾಲ್ವರ ಎದುರು ಮೂವರು. ಐದು ನಿಮಿಷಕ್ಕೊಮ್ಮೆ ತಂಡ ಬದಲಿಸಿ. ಅಂಚಿನಲ್ಲಿ ನಿಂತ ಪೋಷಕರು ಒದಿ, ಪಾಸ್ ಕೊಡು, ಓಡು ಎಂದು ಕೂಗಬಾರದು. ಮಗು ಚೆಂಡು ನೋಡಬೇಕೋ ಅಪ್ಪನ ಮುಖ ನೋಡಬೇಕೋ? ಚಪ್ಪಾಳೆಗೆ ಅಡ್ಡಿಯಿಲ್ಲ, ಎದುರು ತಂಡದ ಗೋಲಿಗೂ ಹೊಡೆಯಿರಿ. ಇನ್ನೂ ಆಡಬೇಕು ಎಂದು ಮಕ್ಕಳು ಗೋಗರೆಯುವಾಗಲೇ ನಿಲ್ಲಿಸಿ.

ಕಾಲೇಜು ತಂಡದ ಗೋಲ್‌ಕೀಪರ್

ಮುಟ್ಟಾಟಕ್ಕೆ ತಲೆಗೊಂದು ಚೆಂಡು ಬೇಕಲ್ಲ ಸರ್. ನಮ್ಮ ಮನೆಯಲ್ಲಿ ಮೂರನೇ ಅಳತೆಯವು ಎರಡಿವೆ, ದೊಡ್ಡಪ್ಪನ ಮೊಮ್ಮಕ್ಕಳವು. ಒಂದಕ್ಕೆ ಬ್ಲ್ಯಾಡರ್ (ಒಳಗಿನ ಗಾಳಿಚೀಲ) ಹಾಕಿಸಬೇಕು, ಇನ್ನೊಂದು ಚೆನ್ನಾಗಿದೆ. ಪಂಪ್ ಮತ್ತು ಸೂಜಿಯನ್ನೂ ತರುತ್ತೇನೆ. ಅಕ್ಕಾ, ಭಾನುವಾರ ಆರಕ್ಕೆ ಹೈಸ್ಕೂಲ್ ಮೈದಾನದಲ್ಲಿ ಇರುತ್ತೇನೆ, ಮಗಳಿಗೆ ಹೇಳಿ.